ಏರಿಯಲ್ಲಿಗೆ ತುಂಬಿದ ರಂಜಕ

ಮೊನ್ನೆ ಕೆಟ್ಟ ಮಿಕ್ಸರನ್ನು ಚೀಲದಲ್ಲಿ ಹಾಕಿಕೊಂಡು ಬ್ಯಾಡಗಿಯಿಂದ ಹಾವೇರಿಗೆ ಹೋದೆ. ಮೊಮ್ಮಗಳು ರೇಖಾ ಕೆಲಸ ಮಾಡುವ ಅಂಗಡಿಯ ಎರಡನೇ ಮೆಟ್ಟಿಲು ಹತ್ತುವಷ್ಟರಲ್ಲಿ ಮೂಗಿಗೆ ಒಂದು ವಾಸನೆ ಬಡಿಯಿತು. ಕಾದ ಕಡ್ಡಿಯಿಂದ ಸೀಸ ಕರಗಿಸಿ ವೈರಿಗೆ ವೈರು ಬೆಸೆಯುವಾಗ ರಾಳ ಸುಟ್ಟು ಹೊಗೆ ಏಳುತ್ತದಲ್ಲ, ಆ ವಾಸನೆ. ಅದರಲ್ಲಿ ಖಾರದ ಘಾಟು ಏನೂ ಇರುವುದಿಲ್ಲ. ಆದರೂ ನನಗೆ ಒಂದರ ಹಿಂದೊಂದು ಮೂರು ಸೀನು ಬಂದವು.

“ಯಾಕಬೇ ಆಯಿ, ಇಲ್ಲೇನು ಮೆಣಸಿನಕಾಯಿ ಹುರಿಯಾಕತ್ತೇನೇನು ನಾ?” ರೇಖಾ ಒಳಗಿನಿಂದ ಕೂಗಿದಳು. ಕೂಗಿದವಳಿಗೆ ತಾನೇ ಏನೋ ನೆನಪಾಗಿ, ಕೈಯಲ್ಲಿದ್ದ ಕಡ್ಡಿ ಕೆಳಗಿಟ್ಟು ನಗತೊಡಗಿದಳು. ನಾನೂ ನಕ್ಕೆ. ಅಂಗಡಿಗೆ ಬಂದಿದ್ದ ಗಿರಾಕಿಯೊಬ್ಬ ಈ ಅಜ್ಜಿ ಮೊಮ್ಮಗಳಿಗೆ ಏನಾಯಿತಪ್ಪ ಎಂದು ಮಿಕಿಮಿಕಿ ನೋಡಿದ. ಅವನಿಗೆ ಹೇಗೆ ಹೇಳುವುದು? ಹೇಳಬೇಕೆಂದರೆ ಮೂರು ವರ್ಷದ ಹಿಂದಿನ ಒಂದು ಇಡೀ ಸುಗ್ಗಿಯನ್ನು ಹೇಳಬೇಕು. ಹೇಳಿಯೇ ಬಿಡುತ್ತೇನೆ. ಹೊಟ್ಟೆಯಲ್ಲಿ ಇಟ್ಟುಕೊಂಡರೆ ಸಂತೋಷವೂ ಅಜೀರ್ಣವಾಗುತ್ತದೆ.

ಸಂಕ್ರಾಂತಿ ಕಳೆದು ಯುಗಾದಿ ಬರುವವರೆಗೆ ನಮ್ಮ ಬ್ಯಾಡಗಿ ಕೆಂಪಗಿರುತ್ತದೆ. ಮಾರುಕಟ್ಟೆಯಲ್ಲಿ ಕೆಂಪು, ಲಾರಿಯ ಮೇಲೆ ಕೆಂಪು, ಹಮಾಲರ ಅಂಗಿಯ ಬೆನ್ನು ಕೆಂಪು. ರೈಲಿನಿಂದ ಇಳಿಯುವ ಹೊಸಬರು ಸೀನುತ್ತಲೇ ಊರೊಳಗೆ ಬರುತ್ತಾರೆ. ನಮಗೆ ಏನೂ ಆಗುವುದಿಲ್ಲ. ನಾನು ನಲವತ್ತು ವರ್ಷ ಮೆಣಸಿನಕಾಯಿಯ ತೊಟ್ಟು ಮುರಿದವಳು. ಈಗ ಮಾರುಕಟ್ಟೆಗೆ ಹೋಗಿ ಕೂಡುವಷ್ಟು ಸೊಂಟ ಗಟ್ಟಿ ಇಲ್ಲ. ಹಾಗಾಗಿ ಸುಗ್ಗಿಯಲ್ಲಿ ಚೀಲಗಳನ್ನು ಮನೆಯ ಅಂಗಳಕ್ಕೇ ಇಳಿಸಿಕೊಂಡು, ಬೇವಿನ ಮರದ ನೆರಳಿನಲ್ಲಿ ಕೂತು ತೊಟ್ಟು ತೆಗೆಯುತ್ತೇನೆ.

ಅದೇ ಬೇವಿನ ನೆರಳಿಗೆ ಇನ್ನೊಬ್ಬಳ ಪಾಲೂ ಇದೆ. ಅವಳು ನಮ್ಮ ಯಜಮಾನರ ಜೀಪು. ನಾನು ಮದುವೆಯಾಗಿ ಬಂದಾಗಲೇ ಅವಳು ಈ ಮನೆಯಲ್ಲಿದ್ದಳು. ನಾಲ್ಕೂ ಗಾಲಿಗೆ ಎಂಜಿನ್ನಿನ ಬಲ ಇರುವ ಗಾಡಿ, ಕೆಸರಿರಲಿ, ಕಲ್ಲಿರಲಿ, ಹಳ್ಳವಿರಲಿ, ಉಸಿರು ಬಿಗಿಹಿಡಿದು ಹತ್ತಿಬಿಡುತ್ತದೆ. ನಮ್ಮ ಯಜಮಾನರು ಫಕ್ಕೀರಪ್ಪನವರು ಊಟಕ್ಕೆ ಕೂಡುವ ಮೊದಲು ನನ್ನನ್ನು “ಉಂಡೇನು?” ಎಂದು ಕೇಳದೆ ಇರಬಹುದು, ಅವಳ ರೇಡಿಯೇಟರಿಗೆ ನೀರು ಇದೆಯೋ ಎಂದು ನೋಡದೆ ಇರುವುದಿಲ್ಲ. ಬೇಸಿಗೆ ಶುರುವಾದರೆ ರಾಣೇಬೆನ್ನೂರಿನ ಅರಣ್ಯ ಆಫೀಸಿನವರು ಬೆಂಕಿ ಕಾಯಲು ಅವರನ್ನೂ ಜೀಪನ್ನೂ ಕರೆಸಿಕೊಳ್ಳುತ್ತಾರೆ. ಅಲ್ಲಿ ಚಿಗರಿಗಳು, ಎಂದರೆ ಕೃಷ್ಣಮೃಗಗಳು, ಓಡಾಡುವ ಹುಲ್ಲುಗಾವಲು, ನೀಲಗಿರಿ ತೋಪು. ಹುಲ್ಲು ಒಣಗಿತೆಂದರೆ ಒಂದು ಬೀಡಿಯ ಕಿಡಿ ಸಾಕು. ಬೆಳಗ್ಗೆ ಹೋಗಿ, ಕಾವಲುಗಾರರನ್ನು ಕೂಡಿಸಿಕೊಂಡು ಹಗಲೆಲ್ಲ ಕಾಡು ಸುತ್ತಿ, ಸಂಜೆಗೆ ಮನೆಗೆ ಬರುತ್ತಾರೆ. ಒಳಗಿನ ತಗ್ಗುಗಳಲ್ಲಿ ಮೊಬೈಲು ಸತ್ತ ಹಾಗೆ ಬಿದ್ದಿರುತ್ತದೆ. ಅದಕ್ಕೇ ಆ ವರ್ಷ ಜೀಪಿಗೆ ವೈರ್‌ಲೆಸ್ ಸೆಟ್ ಕೂಡಿಸಿದರು.

ಕೂಡಿಸಿದವಳು ಯಾರು? ನನ್ನ ಮಗಳ ಮಗಳು ರೇಖಾ!

ಹೊಸರಿತ್ತಿಯಲ್ಲಿ ಹೊಲ ಮಾಡಿಕೊಂಡಿರುವ ನನ್ನ ಮಗಳಿಗೆ ಇವಳೊಬ್ಬಳೇ. ಸಣ್ಣವಳಿದ್ದಾಗ ನಮ್ಮ ಮನೆಗೆ ಬಂದರೆ ಟಾರ್ಚು ಬಿಚ್ಚುವಳು, ಗಡಿಯಾರ ಬಿಚ್ಚುವಳು, ಬೈದರೆ ಅಳುತ್ತಲೇ ತಿರುಗಿ ಜೋಡಿಸುವಳು. ಹಾವೇರಿಯಲ್ಲಿ ಐಟಿಐ ಕಲಿತು, ಅಲ್ಲಿಯೇ ದಸ್ತಗೀರಸಾಬರ ಅಂಗಡಿ ಸೇರಿದಳು. ದಸ್ತಗೀರಸಾಬರು ವೈರ್‌ಲೆಸ್ ಕೆಲಸದಲ್ಲಿ ಕೂದಲು ಬೆಳ್ಳಗೆ ಮಾಡಿಕೊಂಡವರು. ಅವರನ್ನು ಇವಳು ಕಾಕಾ ಎನ್ನುತ್ತಾಳೆ. ಕಾಕಾ ಮೊದಲ ವರ್ಷವೆಲ್ಲ ಇವಳಿಗೆ ಊರ ಮಂದಿಯ ಮಿಕ್ಸರುಗಳನ್ನಷ್ಟೇ ಕೊಟ್ಟರು. “ಆಯಿ, ಜಗತ್ತಿನ ಎಲ್ಲಾ ಚಟ್ನಿ ವಾಸನಿ ನನ್ನ ಕೈಯಾಗ ಐತಿ,” ಎಂದು ಗೋಳಾಡುತ್ತಿದ್ದಳು. ಆ ಚಳಿಗಾಲದಲ್ಲಿ ಮೊದಲ ಸಲ, ರಾಣೇಬೆನ್ನೂರಿನ ಮೂರು ಜೀಪುಗಳ ಸೆಟ್ಟುಗಳನ್ನು ಅವಳ ಕೈಗೆ ಒಪ್ಪಿಸಿದರು. ಅದರಲ್ಲಿ ಒಂದು ಅವಳ ಅಜ್ಜನ ಜೀಪು.

ನಮ್ಮ ಅಂಗಳದಲ್ಲೇ ಕೂತು ಕೂಡಿಸಿದಳು. ಸ್ಟೇರಿಂಗ್ ಪಕ್ಕದಲ್ಲಿ ಕರೀ ಪೆಟ್ಟಿಗೆ, ಅದಕ್ಕೆ ಸುರುಳಿ ವೈರಿನ ಮೈಕು. ಪೆಟ್ಟಿಗೆಯ ಬೆನ್ನಿನಿಂದ ಒಂದು ದಪ್ಪ ಕರೀ ವೈರು ಸೀಟಿನ ಕೆಳಗೆ ಹಾದು ಹಿಂದಿನ ಮೂಲೆಗೆ ಹೋಗಿ, ಅಲ್ಲಿ ನಿಲ್ಲಿಸಿದ ಕೋಲಿನ ಬುಡಕ್ಕೆ ಸೇರಿತು. ಆ ಕೋಲಿಗೆ ಏರಿಯಲ್ ಎನ್ನುತ್ತಾರೆ. ಮಾತು ಅಲ್ಲಿಂದಲೇ ಹಾರಿಹೋಗುವುದಂತೆ. ವೈರಿನ ತುದಿಗೆ ಹಿತ್ತಾಳೆಯ ಉಂಗುರವೊಂದನ್ನು ತಾನೇ ಬೆಸೆದು, ಕೋಲಿನ ಬುಡಕ್ಕೆ ತಿರುವಿ ಬಿಗಿ ಮಾಡಿದಳು. ನಾನು ಪೆಟ್ಟಿಗೆಗೆ ಕುಂಕುಮ ಹಚ್ಚಿ ಕಾಯಿ ಒಡೆದೆ. ನನ್ನ ರೇಖಾ ಮಾಡಿದ್ದಲ್ಲವೇ!

ಇನ್ನು ನನ್ನ ಬುದ್ಧಿವಂತಿಕೆಯ ಕಥೆ.

ಅಂಗಳದಲ್ಲಿ ಮೆಣಸಿನಕಾಯಿ ಇಳಿಯಿತೆಂದರೆ ಬೀಜ ತಿನ್ನಲು ಇಲಿ ಬರುತ್ತವೆ. ತಿಂದು ಹೊಟ್ಟೆ ತುಂಬಿದ ಮೇಲೆ ಜೀಪಿನ ಬೆಚ್ಚಗಿನ ಎಂಜಿನ್ನಿನಡಿ ಮಲಗುತ್ತವೆ. ಹಿಂದಿನ ವರ್ಷ ದೀಪದ ವೈರನ್ನೇ ಕಡಿದು ಹಾಕಿದ್ದವು. ಹೊಸ ಕರೀ ವೈರನ್ನು ಕಂಡದ್ದೇ ತಡ, ನನಗೆ ಇಲಿಯ ಹಲ್ಲೇ ಕಣ್ಣಿಗೆ ಕಟ್ಟಿತು. ಮೊಮ್ಮಗಳು ಮೊದಲ ಸಲ ಮಾಡಿದ ಕೆಲಸವನ್ನು ಇಲಿಯ ಬಾಯಿಗೆ ಕೊಡುವುದೇ?

ಮನೆಯಲ್ಲಿ ಆಗಷ್ಟೇ ಅರೆದ ರಂಜಕ, ನಮ್ಮ ಕಡೆಯ ಕೆಂಪು ಚಟ್ನಿ, ಇತ್ತು. ಹಣ್ಣುಮೆಣಸಿನಕಾಯಿ, ಬೆಳ್ಳುಳ್ಳಿ, ಕೈತುಂಬ ಉಪ್ಪು, ಲಿಂಬೆಹುಳಿ. ಅದಕ್ಕೆ ಇನ್ನಷ್ಟು ಉಪ್ಪು, ಶೇಂಗಾ ಎಣ್ಣೆ ಕಲಸಿ, ವೈರಿಗೆ ಉದ್ದಕ್ಕೂ ಸವರಿದೆ. ಏರಿಯಲ್ಲಿನ ಬುಡಕ್ಕೆ ಬಂದಾಗ ಆ ಉಂಗುರ ಕಂಡಿತು. ಇಲಿ ಯಾವಾಗಲೂ ಸಂದಿಗೇ ಬಾಯಿ ಹಾಕುವುದಲ್ಲವೇ? ಉಂಗುರವನ್ನು ಕೈಯಿಂದ ತಿರುವಿ ಬಿಚ್ಚಿ, ಎಣ್ಣೆಗಾಯಿಗೆ ಬದನೆಕಾಯಿಯ ಹೊಟ್ಟೆಯಲ್ಲಿ ಮಸಾಲೆ ತುಂಬುತ್ತೇವಲ್ಲ, ಹಾಗೆ ಒಳಗೆಲ್ಲ ರಂಜಕ ತುಂಬಿದೆ. ಮತ್ತೆ ಬಿಗಿಯಾಗಿ ತಿರುವಿ, ಸೆರಗಿನಿಂದ ಹೊರಗೆ ಒರೆಸಿ, ಯಾರಿಗೂ ಹೇಳದೆ ಸುಮ್ಮನಾದೆ. ಹೇಳಿಕೊಳ್ಳುವಂಥ ದೊಡ್ಡ ಕೆಲಸವೇನಲ್ಲ ಎಂದುಕೊಂಡೆ.

ಮೊದಲ ಹದಿನೈದು ದಿನ ಸೆಟ್ಟು ಚೆನ್ನಾಗಿತ್ತು. ಸಂಜೆ ಬಂದು ಯಜಮಾನರು ಅದರದ್ದೇ ಸುದ್ದಿ ಹೇಳುವರು. ನಾನು ಏನಾದರೂ ಕೇಳಿದರೆ, “ಹೂಂ, ಓವರ್,” ಎಂದು ವೈರ್‌ಲೆಸ್ಸಿನಲ್ಲಿ ಮಾತು ಮುಗಿಸುವ ಹಾಗೆ ಉತ್ತರ ಕೊಡುವರು. ಆಮೇಲೆ ಒಂದು ದಿನ ಸಪ್ಪೆ ಮುಖ ಮಾಡಿಕೊಂಡು ಬಂದರು.

“ಆಫೀಸಿನವ್ರ ಮಾತು ನನಗ ಕೇಳಸ್ತೈತಿ. ನನ್ನ ಮಾತು ಅವ್ರಿಗೆ ಮುಟ್ಟವಲ್ದು.”

“ನಲವತ್ತು ವರ್ಷದಿಂದ ನನ್ನ ಪಾಡೂ ಅದ ಐತಿ,” ಎಂದೆ ನಾನು. ನಗಲಿಲ್ಲ ಅವರು.

ಒಂದು ದಿನ ಮುಟ್ಟುವುದು, ಮರುದಿನ ಇಲ್ಲ. ಜೀಪು ತೊಳೆದ ದಿನವಂತೂ ಪೂರಾ ಬಂದ್. ಆಫೀಸಿನ ಹತ್ತಿರ ಸರಿಯಾಗಿರುವುದು, ದೂರ ಹೋದಂತೆ ಗಂಟಲು ಕಟ್ಟುವುದು. ರೇಖಾಳಿಗೆ ಫೋನು ಹೋಯಿತು. ಅವಳು ಬರುವುದಕ್ಕೆ ಮೊದಲೇ ಆ ಶುಕ್ರವಾರ ಬಂತು.

ಅಂದು ಮಧ್ಯಾಹ್ನ ದೇವರಗುಡ್ಡದ ಕಡೆಯ ಒಂದು ತಗ್ಗಿನಲ್ಲಿ ಯಜಮಾನರೂ ಕಾವಲುಗಾರ ಮಾಲತೇಶನೂ ಇದ್ದರು. ದಿನ್ನೆಯ ಆಚೆ ಹೊಗೆ ಎದ್ದಿತು. ಯಜಮಾನರು ಮೈಕು ಹಿಡಿದು ಕರೆದರು. ಮತ್ತೆ ಕರೆದರು. ಆಫೀಸಿನವರು ಬೇರೆ ಜೀಪಿನ ಜೊತೆ ಆರಾಮಾಗಿ ಮಾತಾಡುವುದು ಇವರ ಕಿವಿಗೆ ಬೀಳುತ್ತಿದೆ, ಇವರು ಕೂಗುವುದು ಅವರಿಗೆ ಇಲ್ಲ. ಕೊನೆಗೆ ಮಾಲತೇಶನನ್ನು ಅಲ್ಲಿಯೇ ಇಳಿಸಿ, ಎತ್ತರದ ಜಾಗಕ್ಕೆ ಜೀಪು ಓಡಿಸಿಕೊಂಡು ಹೋಗಿ ಮೊಬೈಲಿನಿಂದ ಹೇಳಿದರು. ಮಂದಿ ಬರುವವರೆಗೆ ಮಾಲತೇಶ ಒಬ್ಬನೇ ಹಸಿ ಟೊಂಗೆ ಹಿಡಿದು ಬೆಂಕಿ ಬಡಿದಿದ್ದಾನೆ. ಒಂದು ದಿನ್ನೆಯ ಹುಲ್ಲು ಹೋಯಿತು. ಪ್ರಾಣಿಗಳಿಗೆ ಏನೂ ಆಗಲಿಲ್ಲ. ಮಾಲತೇಶನ ಎರಡೂ ಹುಬ್ಬು ಸುಟ್ಟವು, ಅಂಗೈಯಲ್ಲಿ ಬೊಬ್ಬೆ ಎದ್ದವು. ಯಜಮಾನರು ಮನೆಗೆ ಬಂದಾಗ ಮುಖವೆಲ್ಲ ಮಸಿ. “ಆ ಹುಡುಗನ್ನ ಬಿಟ್ಟು ಹೋಗುವಾಗ ನನ್ನ ಕಾಲು ಎಕ್ಸಿಲೇಟರ್ ಮ್ಯಾಲ ಇದ್ವೋ ಇಲ್ವೋ ಗೊತ್ತಿಲ್ಲ ನೀಲಾ,” ಎಂದರು. ನನ್ನ ಹೆಸರು ನೀಲವ್ವ. ನೀಲಾ ಎಂದು ಅವರು ಕರೆಯುವುದು ತೀರಾ ಹೆದರಿದಾಗ ಮಾತ್ರ.

ಶನಿವಾರ ರೇಖಾ ರಾಣೇಬೆನ್ನೂರಿಗೆ ಹೋಗಿ ದಿನವೆಲ್ಲ ಜೀಪಿನಡಿ ಹೊರಳಾಡಿದಳು. ದಸ್ತಗೀರ ಕಾಕಾ ಫೋನಿನಲ್ಲಿ ಅವಳಿಗೆ ಹೇಳಿದ್ದನ್ನು ಯಜಮಾನರೂ ಕೇಳಿಸಿಕೊಂಡಿದ್ದರು. “ಸೋಮವಾರ ನಾ ರಾಣೇಬೆನ್ನೂರಿಗೆ ಬರ್ತೇನಿ. ಅಷ್ಟರಾಗ ದೋಷ ಎಲ್ಲೈತಿ ಅಂತ ನೀ ಹುಡುಕಿದ್ರ ಬೇಷ್. ಇಲ್ಲಂದ್ರ ಮೂರೂ ಜೀಪು ನಾನ ನೋಡ್ಕೋತೇನಿ, ನೀ ಮತ್ತ ಮಿಕ್ಸರ್ ಮುಂದ ಕುಂದ್ರು. ಸಿಟ್ಟಾಗಬ್ಯಾಡವ್ವ. ಕಾಡಿನ್ಯಾಗ ಮನಷ್ಯಾರ ಜೀವ ಇರ್ತಾವ, ಅದು ಕಲಿಯೂ ಜಾಗಾ ಅಲ್ಲ.”

ಕೆಟ್ಟ ಮಾತಲ್ಲ. ಖರೇ ಮಾತು. ಅದಕ್ಕೇ ನನ್ನ ಮೊಮ್ಮಗಳಿಗೆ ಅದು ಅಷ್ಟು ಆಳಕ್ಕೆ ಇಳಿದದ್ದು.

ಭಾನುವಾರ ಬೆಳಗ್ಗೆ ಬೇವಿನ ನೆರಳಿನಲ್ಲಿ ಹಳೆಯ ಕೌದಿ ಹಾಸಿ ಅವಳು ತನ್ನ ಸಾಮಾನು ಹರಡಿದಳು. ಮೂರು ಮಾರು ದೂರದಲ್ಲಿ ನಾನು ಮೆಣಸಿನಕಾಯಿ ರಾಶಿ ಮುಂದೆ. ಹೊರಸಿನ ಮೇಲೆ ಯಜಮಾನರು.

“ನಿನ್ನೆ ಏನೇನ ನೋಡಿದಿ? ನಿಮ್ಮಾಯಿಗೂ ಹೇಳು,” ಎಂದರು ಅವರು.

“ಮೊದಲ ಬ್ಯಾಟರಿ, ಫ್ಯೂಸ್ ನೋಡಿದೆ. ಚಲೋ ಅದಾವ. ಜೀಪಿನ ಮೈಗೆ ಕೊಟ್ಟ ಅರ್ಥಿಂಗ್ ವೈರ್ ಸಡ್ಲಿತ್ತು, ತಿಕ್ಕಿ ಬಿಗಿ ಮಾಡಿದೆ. ಫರಕ್ ಬೀಳ್ಲಿಲ್ಲ. ಇನ್ನೊಂದು ಜೀಪಿನ ಮೈಕ್ ತಂದು ಹಚ್ಚಿದೆ, ಇಲ್ಲ. ಆಮ್ಯಾಲ ಸೆಟ್ಟ ಅದಲು ಬದಲು ಮಾಡಿದೆ. ನಮ್ಮ ಸೆಟ್ ಆ ಜೀಪಿನ್ಯಾಗ ಗಿಳಿ ಹಂಗ ಮಾತಾಡ್ತು. ಅವ್ರ ಸೆಟ್ ನಮ್ಮ ಜೀಪಿನ್ಯಾಗ ಮೂಕ ಆತು. ಅಂದ್ರ ಪೆಟಗಿ ಚಲೋ ಐತಿ ಅಜ್ಜಾ, ಗಾಡಿ ಕೆಟ್ಟೈತಿ.”

“ನನ್ನ ಗಾಡಿ ಕೆಟ್ಟೈತಿ ಅಂದ್ರ ನಾಲಿಗಿ ಕಡೀತೇನಿ ನೋಡು,” ಯಜಮಾನರು ಹೊರಸಿನಿಂದ ಎದ್ದೇಬಿಟ್ಟರು.

“ಗಾಡಿ ಅಂದ್ರ ಗಾಡಿ ಅಲ್ಲ ಮಾರಾಯಾ, ಗಾಡಿಗೆ ಹಚ್ಚಿದ್ದು!”

ಅವಳು ಒಂದು ಮೀಟರನ್ನು ಸೆಟ್ಟಿಗೂ ದಪ್ಪ ವೈರಿಗೂ ನಡುವೆ ಜೋಡಿಸಿ, ಮೈಕು ಒತ್ತಿ ಮುಳ್ಳು ನೋಡಿದಳು. ಒಂದು ಮುಳ್ಳು ಎಷ್ಟು ಹೋಯಿತು ಎಂದು ಹೇಳುವುದಂತೆ, ಇನ್ನೊಂದು ಎಷ್ಟು ತಿರುಗಿ ಬಂತು ಎಂದು. ನನಗೆ ತಿಳಿಯಲೆಂದು ಹೇಳಿದಳು: “ಸೆಟ್ ಮಾತು ಕಳಸಾಕತ್ತೈತಿ ಆಯಿ. ಆದ್ರ ಅದು ಏರಿಯಲ್ಲಿಗೆ ಮುಟ್ಟದ ಅರ್ಧಕ್ಕರ್ಧ ಹೊಳ್ಳಿ ಬರಾಕತ್ತೈತಿ. ಬಾಗಲಾ ಹಾಕಿದ ಮನಿಗೆ ಹೋದ ಬೀಗರ ಹಂಗ. ಆಫೀಸಿನ ಸೆಟ್ ದೊಡ್ಡದು, ಅದರ ದನಿ ಜೋರು, ಹಿಂಗಾಗಿ ಅವ್ರ ಮಾತು ಹೆಂಗೋ ಒಳಗ ತೂರ್ತೈತಿ. ನಮ್ಮ ಸಣ್ಣ ದನಿ ಹೊರಗ ಹೋಗವಲ್ದು.”

“ಬಾಗಲಾ ಎಲ್ಲಿ ಹಾಕೈತಿ?” ಕೇಳಿದೆ.

ಅವಳು ವೈರನ್ನು ಬೆರಳಿನಿಂದ ಸವರುತ್ತ ಹಿಂದಿನ ಮೂಲೆಗೆ ಹೋಗಿ ಏರಿಯಲ್ಲಿನ ಬುಡ ಮುಟ್ಟಿದಳು. ಅವಳ ದನಿ ಸಣ್ಣದಾಯಿತು. “ಇಲ್ಲೇ ಇರಬೇಕು. ಈ ಉಂಗುರದಾಗ. ನಾನ ಬೆಸಗಿ ಹಾಕಿದ್ದು.”

ನನ್ನ ಕೈಯಲ್ಲಿದ್ದ ಮೆಣಸಿನಕಾಯಿ ಕೈಯಲ್ಲೇ ಉಳಿಯಿತು.

ರಂಜಕದ ಮಾತು ಎತ್ತದೆ ಎದ್ದೆ. ಇದನ್ನು ಹೇಳಲು ನಾಚಿಕೆಯಾಗುತ್ತದೆ, ಆದರೆ ನಡೆದದ್ದು ಹೀಗೇ. ಒಳಗೆ ಹೋಗಿ ರೊಟ್ಟಿ ಬಡಿದೆ. ರೊಟ್ಟಿ ಬಡಿಯುವಾಗ ಮಾಲತೇಶನ ಸುಟ್ಟ ಹುಬ್ಬು ಕಣ್ಣ ಮುಂದೆ. ನಾಲ್ಕು ಬೆರಳು ರಂಜಕಕ್ಕೆ ಇಷ್ಟೆಲ್ಲ ಆಗುತ್ತದೆಯೇ, ಬೇರೆ ಏನೋ ಇರಬೇಕು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ತಟ್ಟೆ ಹಿಡಿದು ಹೊರಗೆ ಬಂದರೆ ರೇಖಾ ಉಂಗುರವನ್ನು ಬಿಚ್ಚದೆ, ಮುಟ್ಟದೆ, ಜೀಪಿನ ಗಾಲಿಗೆ ಒರಗಿ ಕೂತಿದ್ದಳು. ಕಣ್ಣು ಕೆಂಪಾಗಿದ್ದವು.

“ಬಿಚ್ಚಾಕ ಕೈ ಬರವಲ್ದು ಆಯಿ. ಬಿಚ್ಚಿದ್ರ ನನ್ನ ತಪ್ಪು ಕಣ್ಣಿಗೆ ಕಾಣ್ತೈತಿ. ನನ್ನ ಬೆಸಗಿಯಿಂದ ಮಾಲತೇಶಣ್ಣ ಸುಟ್ಕೊಂಡ. ಕಾಕಾ ಹೇಳಿದ್ದು ಖರೇ. ನನ್ನ ಕೈ ಮಿಕ್ಸರಿಗಷ್ಟ ಲಾಯಕ್ಕು.”

ಇನ್ನು ತಡೆಯಲು ಆಗಲಿಲ್ಲ. ತಟ್ಟೆಯನ್ನು ಜೀಪಿನ ಬಾನೆಟ್ ಮೇಲಿಟ್ಟೆ.

“ರೇಖಾ, ಅದರಾಗ ರಂಜಕ ಐತಿ.”

“ಎದರಾಗ?”

“ಆ ಉಂಗುರದಾಗ. ನಾ ತುಂಬೇನಿ.”

ಮೊದಲು ಬಾಯಿ ಬಿಟ್ಟವರು ಯಜಮಾನರು. “ರಂಜಕಾ? ರೊಟ್ಟಿಗೆ ಹಚ್ಚಿಕೊಳ್ಳೋ ರಂಜಕಾ?”

“ಹೂಂ. ಇಲಿ ಬರಬಾರದಂತ. ಉಪ್ಪು ಜಾಸ್ತಿ ಹಾಕೀನಿ.”

ರೇಖಾ ಎದ್ದಳು. ಉಂಗುರಕ್ಕೆ ಕೈ ಹಾಕಿದಳು. ಸುಲಭವಾಗಿ ತಿರುಗಲಿಲ್ಲ ಅದು, ಇಕ್ಕಳ ಹಿಡಿದು ಬಿಚ್ಚಬೇಕಾಯಿತು. ಒಳಗೆ ನೋಡಿದರೆ ನನ್ನ ರಂಜಕ ಕರ್ರಗೆ ಒಣಗಿ, ಅದರ ಸುತ್ತ ಹಿತ್ತಾಳೆಗೆ ಹಸಿರು ಕಿಲುಬು ಹಿಡಿದು, ಹುಳಿ ಹಾಕಿ ಮರೆತ ಹಳೆಯ ತಂಬಿಗೆಯ ತಳದ ಹಾಗಿತ್ತು. ಅವಳು ಕಡ್ಡಿಯಿಂದ ಮೆಲ್ಲಗೆ ಕೆರೆದಳು. ಕೆರೆಯುತ್ತ ಕೆರೆಯುತ್ತ ಒಳಗಿನ ಬೆಸುಗೆ ಕಂಡಿತು. ಬಟಾಣಿ ಕಾಳಿನಷ್ಟು, ದುಂಡಗೆ, ಗಟ್ಟಿಯಾಗಿ, ಅವಳು ಹಾಕಿದ ಹಾಗೆಯೇ ಇತ್ತು. ಉಗುರಿನಿಂದ ಎಳೆದಳು, ಜಗ್ಗಿದಳು. ಅಲ್ಲಾಡಲಿಲ್ಲ.

“ಆಯಿ! ನನ್ನ ಬೆಸಗಿ ಗಟ್ಟಿ ಐತಿ ನೋಡಬೇ!” ಎಂದು ನನ್ನ ಕೊರಳಿಗೆ ಜೋತುಬಿದ್ದಳು. ಬೈಯುವಳು ಎಂದುಕೊಂಡಿದ್ದೆ. ನಾನೇ ಅಳತೊಡಗಿದೆ.

ಯಜಮಾನರು ಅಷ್ಟರಲ್ಲಿ ವೈರನ್ನು ಎತ್ತಿ ನೋಡುತ್ತಿದ್ದರು. ಅದರ ಮೇಲೆ ಎರಡು ಕಡೆ ಸಣ್ಣ ಸಣ್ಣ ಹಲ್ಲಿನ ಗುರುತು! “ಅಲ್ಲಬೇ, ಬ್ಯಾಡಗ್ಯಾಗ ಹುಟ್ಟಿ ಬೆಳದಾಕಿ ನೀ. ನಮ್ಮ ಮೆಣಸಿನಕಾಯಿಗೆ ಬಣ್ಣ ಇರ್ತೈತಿ, ಖಾರ ಎಲ್ಲಿರ್ತೈತಿ? ಇಲಿ ಹೆದರೋದು ದೂರ ಉಳೀತು, ರಂಜಕ ಹಚ್ಕೊಂಡು ವೈರು ತಿಂದಾವ!”

ಮೂವರೂ ನಗುತ್ತ ಕೂತೆವು. ರೊಟ್ಟಿ ತಣ್ಣಗಾಯಿತು.

ಉಂಡು ಎದ್ದವಳೇ ಕೆಲಸಕ್ಕೆ ನಿಂತಳು. ಹಿತ್ತಾಳೆಗೆ ಕಿಲುಬು ಹಿಡಿದಿದೆಯಲ್ಲ ಎಂದು ನಾನು ಹುಣಸೆಹಣ್ಣು ನೆನೆಸಿ ತಂದೆ. “ಬ್ಯಾಡಬೇ ಯವ್ವಾ, ಕೈ ಮುಗೀತೇನಿ, ಅಡಿಗಿ ಮನಿ ಸಾಮಾನು ಒಂದೂ ಬ್ಯಾಡ!” ಎಂದು ಜೀಪಿಗೆ ಅಡ್ಡ ನಿಂತಳು. ವೈರಿನ ಕೆಟ್ಟ ತುದಿಯನ್ನು ಒಂದು ಗೇಣು ಕತ್ತರಿಸಿ ತೆಗೆದಳು. ಒಳಗಿನ ತಾಮ್ರ ಹೊಳೆಯುವವರೆಗೆ ಸಿಪ್ಪೆ ಸುಲಿದಳು. ಹಲ್ಲು ಬಿದ್ದ ಜಾಗದಲ್ಲಿ ತಾಮ್ರಕ್ಕೆ ಏನೂ ಆಗಿಲ್ಲವೆಂದು ಮೀಟರು ಹಚ್ಚಿ ಖಾತ್ರಿ ಮಾಡಿಕೊಂಡಳು. ಹೊಸ ಉಂಗುರ ಬೆಸೆದಳು. ಇನ್ನು ಏರಿಯಲ್ಲಿನ ಬುಡದಲ್ಲಿ ಹಳೆಯದೊಂದು ಬೆಸುಗೆ ಇತ್ತು, ಅದನ್ನೂ ಕರಗಿಸಿ ಹೊಸದು ಹಾಕಬೇಕೆಂದು ಕಾದ ಕಡ್ಡಿಯನ್ನು ಅಲ್ಲಿಗೆ ಇಟ್ಟಳು ನೋಡಿ. ಮೂಲೆಯಲ್ಲಿ ಉಳಿದಿದ್ದ ರಂಜಕ ಸುಟ್ಟಿತು. ರಾಳದ ಹೊಗೆಯ ಜೊತೆ ಮೆಣಸಿನ ಘಾಟು ಎದ್ದು ಅಂಗಳವೆಲ್ಲ ತುಂಬಿತು. ರೇಖಾ ಸೀನುತ್ತ ಕೆಮ್ಮುತ್ತ ಕಡ್ಡಿ ಹಿಡಿದುಕೊಂಡೇ ಕುಣಿದಳು. ಯಜಮಾನರು ಬಾಗಿಲಾಚೆ ಓಡಿದರು. ಪಕ್ಕದ ಮನೆಯವಳು ಗೋಡೆಯ ಮೇಲಿಂದ ಇಣುಕಿ, “ನೀಲವ್ವಕ್ಕಾ, ಏನ್ ಒಗ್ಗರಣಿ ಹಾಕಾಕತ್ತೀರಿ?” ಎಂದು ಕೇಳಿದಳು.

“ವೈರ್‌ಲೆಸ್ಸಿಗವ್ವಾ!” ಎಂದೆ, ಸೀನಿನ ನಡುವೆ. ನಲವತ್ತು ವರ್ಷದಲ್ಲಿ ಮೆಣಸಿನಕಾಯಿಗೆ ನಾನು ಸೀನಿದ್ದು ಅದೇ ಮೊದಲು.

ಕೊನೆಗೆ ಬುಡಕ್ಕೆ ನೀರು ಹೋಗದಂತೆ ಟೇಪು ಸುತ್ತಿ, ಇಲಿಗೆಂದು ಇಡೀ ವೈರನ್ನು ಗಟ್ಟಿ ಪೈಪಿನೊಳಗೆ ತೂರಿಸಿದಳು. ಮೀಟರಿನ ಮುಳ್ಳು ಈಗ ಹೋಗುವ ಕಡೆ ಎದ್ದು ನಿಂತಿತು, ಬರುವ ಕಡೆ ನೆಲ ಹಿಡಿದು ಮಲಗಿತು. ಆದರೂ ಅವಳು ನಗಲಿಲ್ಲ. “ಅಂಗಳದಾಗ ಎಲ್ಲಾ ಚಲೋನ ಇರ್ತೈತಿ. ನಾಳೆ ಆ ತಗ್ಗಿನ್ಯಾಗ ಇಳದು ನೋಡಬೇಕು,” ಎಂದಳು.

ಸೋಮವಾರ ನನ್ನನ್ನೂ ಜೀಪಿಗೆ ಹತ್ತಿಸಿದಳು. “ಅಜ್ಜ ಗಾಡಿ ಹೊಡೀತಾನ, ನಾ ಮೀಟರ್ ನೋಡ್ತೇನಿ, ಮೈಕ್ ಹಿಡಿಯಾಕ ಒಬ್ರು ಬೇಕು. ರಂಜಕ ತುಂಬಿದಾಕಿ ನೀನ ಅಲ್ಲೇನು, ಮಾತಾಡಾಕಿನೂ ನೀನ.” ರಾಣೇಬೆನ್ನೂರಿನ ಆಫೀಸಿನಲ್ಲಿ ದಸ್ತಗೀರ ಕಾಕಾ ಸೆಟ್ಟಿನ ಮುಂದೆ ಕೂತಿದ್ದರು. ಜೀಪು ಕಲ್ಲುದಾರಿ ಹಿಡಿದು, ಸುಟ್ಟ ದಿನ್ನೆಯನ್ನು ಬಳಸಿ, ಕುಲುಕಾಡುತ್ತ ಅದೇ ತಗ್ಗಿಗೆ ಇಳಿಯಿತು. ದೂರದಲ್ಲಿ ಚಿಗರಿಗಳ ಹಿಂಡು ತಲೆ ಎತ್ತಿ ನಮ್ಮನ್ನು ನೋಡಿತು. ಯಜಮಾನರು ಎಂಜಿನ್ ನಿಲ್ಲಿಸಿದರು.

“ಗುಂಡಿ ಒತ್ತು, ಮಾತಾಡು,” ಎಂದಳು ರೇಖಾ.

ಒತ್ತಿದೆ. ಏನು ಮಾತಾಡುವುದು? “ನಾನ್ರೀ, ನೀಲವ್ವ, ಬ್ಯಾಡಗಿಯಾಕಿ. ಅರಾಮ ಅದೀರೇನ್ರಿ? ನಮ್ಮ ರೇಖಾ ಎಲ್ಲಾ ಸರಿ ಮಾಡ್ಯಾಳ್ರಿ. ಅಕಿದೇನೂ ತಪ್ಪಿಲ್ರಿ, ನಂದ್ರಿ ತಪ್ಪು, ಅಕೀನ್ನ ಮಿಕ್ಸರಿಗೆ ಕುಂದ್ರಸಬ್ಯಾಡ್ರಿ,” ಎಂದು ಒಂದೇ ಉಸಿರಿಗೆ ಹೇಳಿದೆ.

ಉತ್ತರ ಬರಲಿಲ್ಲ. ಕಾದೆವು. ಗಾಳಿ ಬೀಸುವ ಸದ್ದು ಅಷ್ಟೇ. ರೇಖಾಳ ಮುಖ ನೋಡಿದೆ, ಬಣ್ಣ ಇಳಿಯುತ್ತಿತ್ತು. ಯಜಮಾನರು ಸ್ಟೇರಿಂಗನ್ನು ಬಿಗಿಯಾಗಿ ಹಿಡಿದು ಮುಂದೆ ನೋಡುತ್ತಿದ್ದರು. ಮುಗಿಯಿತು, ನನ್ನ ರಂಜಕ ಇವಳ ಕೆಲಸ ತಿಂದಿತು ಎಂದುಕೊಂಡೆ. ಭಯಕ್ಕೆ ಮೈಕನ್ನು ಇನ್ನೂ ಗಟ್ಟಿಯಾಗಿ ಹಿಡಿದೆ.

“ಆಯಿ!” ರೇಖಾ ಚೀರಿದಳು. “ಬೆರಳು ತಗಿಯಬೇ! ಗುಂಡಿ ಒತ್ತಿ ಹಿಡದಿದ್ರ ಅವ್ರು ಹೆಂಗ ಮಾತಾಡ್ಬೇಕು?”

ಬೆರಳು ತೆಗೆದೆ. ಪೆಟ್ಟಿಗೆಯಿಂದ ದಸ್ತಗೀರ ಕಾಕಾನ ದನಿ, ಪಕ್ಕದಲ್ಲೇ ಕೂತು ಮಾತಾಡಿದಷ್ಟು ಸ್ಪಷ್ಟವಾಗಿ ಬಂತು: “...ಅರಾಮ ಅದೇನಿ ನೀಲವ್ವಾರ, ಒಂದು ಅಕ್ಷರ ಬಿಡದಂಗ ಕೇಳಿಸ್ತು. ರಂಜಕದ ಸುದ್ದಿ ಫಕ್ಕೀರಪ್ಪಾರು ಬೆಳಗ್ಗೇನ ಹೇಳ್ಯಾರ. ಬೆರಳು ತಗದ್ರೇನು? ಓವರ್.”

ಯಜಮಾನರು ಹಾರ್ನ್ ಒತ್ತಿದರು. ಕಾಡಿನಲ್ಲಿ ಹಾರ್ನ್ ಮಾಡಬಾರದು. ಚಿಗರಿಗಳು ಚಂಗನೆ ಹಾರಿ ಹೋದವು. ನನ್ನ ಎದೆಯೂ ಹಾಗೆಯೇ ಹಾರಿತು.

ಆಫೀಸಿಗೆ ಬಂದಾಗ ರಿಪೇರಿ ದಾಖಲೆಯ ರಜಿಸ್ಟರ್ ಮುಂದೆ ಇಟ್ಟರು. ‘ಕಾರಣ’ ಎಂಬ ಕಡೆ ಏನು ಬರೆಯುವುದೆಂದು ರೇಖಾ ನನ್ನ ಮುಖ ನೋಡಿದಳು. “ನೀರು ಹೊಕ್ಕಿತ್ತು ಅಂತ ಬರಿಯವ್ವಾ, ಹಿರೇರ ಮರ್ಯಾದಿ,” ಎಂದರು ಕಾಕಾ. “ಬ್ಯಾಡ್ರಿ, ಇದ್ದದ್ದು ಬರಿ,” ಎಂದೆ ನಾನು. ಅವಳು ದುಂಡಗೆ ಬರೆದಳು: ಏರಿಯಲ್ ಜೋಡಣೆಯಲ್ಲಿ ರಂಜಕ. ನಾನು ಮೂರನೇ ಇಯತ್ತೆಗೆ ಶಾಲೆ ಬಿಟ್ಟವಳು, ಆದರೂ ಒಂದೊಂದೇ ಅಕ್ಷರ ಕೂಡಿಸಿ ಓದಿದೆ. ನನ್ನ ಕೈ ಅಡುಗೆ ಸರಕಾರಿ ರಜಿಸ್ಟರಿನಲ್ಲಿ!

ಕಾಕಾ ರೇಖಾಳ ತಲೆಯ ಮೇಲೆ ಕೈ ಇಟ್ಟರು. “ಬ್ಯಾಟರಿ, ಮೈಕ್, ಸೆಟ್, ಕೇಬಲ್. ಒಂದೊಂದ ಬಾಗಲಾ ಬಡಕೋತ ಹೋಗೀದಿ. ಊಹಿ ಮ್ಯಾಲ ಏನೂ ಬಿಚ್ಚಿಲ್ಲ. ಆದ್ರ ಕೊನೀ ಬಾಗಲಕ್ಕ ಬಂದು ಹೆದರಿದಿ. ನಿನ್ನ ಕೆಲಸ ನೀನ ಬಿಚ್ಚಿ ನೋಡಾಕ ಹೆದರಬ್ಯಾಡ. ಮೂರೂ ಜೀಪು ಇನ್ನ ನಿನ್ನವ.”

ಮಾಲತೇಶ ಅಲ್ಲಿಯೇ ಬಾಗಿಲಲ್ಲಿ ನಿಂತಿದ್ದ, ಅಂಗೈಗೆ ಬಟ್ಟೆ ಸುತ್ತಿಕೊಂಡು. ಅವನ ಮುಂದೆ ಹೋಗಿ ಕೈ ಮುಗಿದೆ. ಅವನೇ ಹೇಳಿದ: “ಹುಬ್ಬು ಬರ್ತಾವ ಬಿಡವ್ವಾ. ಆ ರಂಜಕ ಮನ್ಯಾಗ ಇನ್ನೂ ಉಳದೈತೇನು?” ಅಂದಿನಿಂದ ಪ್ರತಿ ಸುಗ್ಗಿಗೆ ಒಂದು ಭರಣಿ ಅವನ ಮನೆಗೆ ಹೋಗುತ್ತದೆ. ಅವನ ಹುಬ್ಬು ಮೊದಲಿಗಿಂತ ದಟ್ಟವಾಗಿ ಬಂದಿವೆ.

ಈಗ ಮೊನ್ನೆಯ ಮಾತಿಗೆ ಬರುತ್ತೇನೆ. ಅಂಗಡಿಯಲ್ಲಿ ರೇಖಾಳ ಮೇಜಿನ ಮೇಲೆ ಗಾಜಿನ ಲೋಟವೊಂದಿದೆ. ಅದರಲ್ಲಿ ಆ ಹಳೆಯ ಉಂಗುರವನ್ನು ಕಿಲುಬಿನ ಸಮೇತ ಇಟ್ಟುಕೊಂಡಿದ್ದಾಳೆ. ಮೇಜಿನ ಸುತ್ತ ಸೆಟ್ಟುಗಳೋ ಸೆಟ್ಟುಗಳು. ರಾಣೇಬೆನ್ನೂರಿನವು, ಹಾವೇರಿಯವು, ಇನ್ನೆಲ್ಲಿಯವೋ. ಒಬ್ಬ ಜೀಪಿನ ಡ್ರೈವರು ಅವಳನ್ನು “ಮೇಡಂ, ಮೇಡಂ” ಎಂದು ಕರೆಯುತ್ತಿದ್ದ. ನಾನು ಚೀಲದಿಂದ ಮಿಕ್ಸರ್ ತೆಗೆದು ಅವಳ ಮುಂದೆ ಇಟ್ಟೆ.

“ಅಯ್ಯ ಆಯಿ, ಈಗ ಬೆಂಕಿ ಸೀಜನ್. ಇವೆಲ್ಲಾ ನಾಳೆ ಕೊಡಬೇಕು. ಮಿಕ್ಸರ್ ಯಾವಾಗ ಬಿಚ್ಚಲಿ? ಯುಗಾದಿ ಆಗ್ಲಿ ತಡಿ.”

ಮಿಕ್ಸರನ್ನು ತಿರುಗಿ ಚೀಲಕ್ಕೆ ಹಾಕಿಕೊಂಡೆ. ಬಸ್ಸಿನಲ್ಲಿ ಅದನ್ನು ಮಡಿಲಲ್ಲಿ ಕೂಡಿಸಿಕೊಂಡು ಬ್ಯಾಡಗಿಗೆ ಹೊರಟೆ. ಕಂಡಕ್ಟರ್ ಕೇಳಿದ, “ಏನವ್ವಾ, ರಿಪೇರಿ ಆತೇನು?”

“ಇಲ್ಲಪ್ಪಾ,” ಎಂದೆ, ಇಡೀ ಬಸ್ಸಿಗೆ ಕೇಳಿಸಲಿ ಎಂದು ಜೋರಾಗಿ, “ನನ್ನ ಮೊಮ್ಮಗಳಿಗೆ ಮಿಕ್ಸರಿಗೆಲ್ಲಾ ಟೈಮ್ ಇಲ್ಲ!”